ಗಣಾಚಾರವು ಪಕ್ಷಾಚಾರವಲ್ಲ

ಪಂಚಾಚಾರಗಳ ಹೆಸರನ್ನು ಕೇಳದ ಲಿಂಗವಂತನಿಲ್ಲ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಈ ಐದೂ ನಮ್ಮ ಬಾಳಿನ ಮನೆಗೆ ಕಂಬಗಳಾಗಿ ನಿಂತಿರುವುವು. ಇವುಗಳಲ್ಲಿ ಗಣಾಚಾರವೆಂದರೇನೆಂದು ಪ್ರಶ್ನಿಸಿದರೆ, 'ಶಿವನನ್ನಾಗಲಿ ಶಿವಭಕ್ತರನ್ನಾಗಲಿ ನಿಂದಿಸಿದರೆ ಸಹಿಸದೆ ಎದ್ದು ನಿಲ್ಲುವುದು' ಎಂದು ಬಹುಮಂದಿ ಉತ್ತರವೀಯುವರು. ಈ ಉತ್ತರವು ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಧರ್ಮಕ್ಕೆ ಹೊರಗಿನವನ ನಿಂದೆಯಿಂದ ಆಗುವ ಹಾನಿಗಿಂತ ಒಳಗಿನವನ ದುರ್ನಡತೆಯಿಂದ ಆಗುವ ಹಾನಿಯು ಹಿರಿದು. ಆದುದರಿಂದ ನಿಂದೆಯನ್ನು ಸಹಿಸದವನು ದುರ್ನಡತೆಯನ್ನೂ ಸಹಿಸಲಾಗದು. ಅದು ತನ್ನವರದಾದರಂತೂ ಸಹಿಸಲೇಬಾರದು. ಇದು ಗಣಾಚಾರದ ಉಳಿದರ್ಧ. ಈ ಉಳಿದರ್ಧವನ್ನು ಮರೆತೆವಾದರೆ ಗಣಾಚಾರವು ಬರಿಯ ಪಕ್ಷಾಚಾರವಾಗಿ ಇಳಿದು ಹೋಗುವುದು.

ಹಿಂದೆ ಅರಸನಿದ್ದನು, ಪ್ರಜೆಯಿದ್ದನು. ಈಗಲಾದರೋ ಪ್ರಜೆಯೇ ಅರಸನನ್ನು ಆರಿಸುವನು. ಐದು ವರ್ಷಗಳಿಗೊಮ್ಮೆ ನಮ್ಮ ಬೆರಳಿಗೆ ಹಚ್ಚುವ ಶಾಯಿಯು ಒಂದು ಹೊಣೆಯ ಗುರುತು. ಆ ಹೊಣೆಯು ಮತವಿತ್ತ ದಿನಕ್ಕೇ ಮುಗಿಯುವುದೇ? ಮತವಿತ್ತು ಕಳುಹಿದವನನ್ನು ಮತ್ತೆ ಪ್ರಶ್ನಿಸುವ ಕರ್ತವ್ಯವು ಯಾರದು? ಅವನು ನಮ್ಮ ಪಕ್ಷದವನು, ನಮ್ಮ ಸಮಾಜದವನು, ನಮ್ಮ ಊರಿನವನು ಎಂದಾಗ ಆ ಕರ್ತವ್ಯವು ಕಡಿಮೆಯಾಗುವುದೋ ಹೆಚ್ಚುವುದೋ? ಈ ತಿಂಗಳ ಪಾಠದಲ್ಲಿ ಇದನ್ನೇ ಶರಣರ ಬೆಳಕಿನಲ್ಲಿ ನೋಡೋಣ.

ಲಕ್ಕಮ್ಮನ ಪ್ರಶ್ನೆ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ವಾಚಕರು ಬಲ್ಲರು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಇಷ್ಟು ಬೇಕಿರಲಿಲ್ಲವಲ್ಲ, ಈ ಹೆಚ್ಚಿನದು ಎಲ್ಲಿಂದ ಬಂದಿತು, ಏತಕ್ಕೆ ಬಂದಿತು ಎಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ಮರಳಿ ಅಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಅಪರಿಗ್ರಹದ ನಿದರ್ಶನವಾಗಿ ಹೇಳುತ್ತೇವೆ. ಇದರಲ್ಲಿ ಇನ್ನೊಂದು ಪಾಠವೂ ಅಡಗಿರುವುದನ್ನು ಗಮನಿಸಬೇಕು. ಲಕ್ಕಮ್ಮನು ಪ್ರಶ್ನಿಸಿದುದು ನೆರೆಮನೆಯವನನ್ನಲ್ಲ, ಹಗೆಯನ್ನಲ್ಲ, ತನ್ನ ಗಂಡನನ್ನು. ತಂದ ಅಕ್ಕಿಯಿಂದ ಹೊಟ್ಟೆ ತುಂಬುವುದು ತನ್ನ ಮನೆಯದೇ. ಅದನ್ನು ದಾಸೋಹಕ್ಕೇ ಬಳಸಬಹುದಾಗಿತ್ತು. ಪುಣ್ಯದ ನೆಪವೂ ಸಿದ್ಧವಾಗಿತ್ತು. ಆದರೂ ಅವಳು ಲೆಕ್ಕ ಕೇಳಿದಳು. ಮಾರಯ್ಯನು ಕೋಪಿಸಿಕೊಳ್ಳಲಿಲ್ಲ, ನೀನು ನನ್ನ ಪಕ್ಷದವಳೋ ಪರಪಕ್ಷದವಳೋ ಎಂದು ಕೇಳಲಿಲ್ಲ. ಅವಳು ತನ್ನವಳಾದುದರಿಂದಲೇ ಕೇಳಿದಳೆಂಬುದು ಅವನಿಗೆ ತಿಳಿದಿತ್ತು.

ಇಂದು ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಇದಕ್ಕೆ ಹೋಲಿಸಿ ನೋಡಿರಿ. ಎದುರು ಪಕ್ಷದವನ ಮೇಲೆ ಆರೋಪ ಬಂದರೆ ವಿಚಾರಣೆಗೆ ಮುನ್ನವೇ ಅವನು ಅಪರಾಧಿ. ನಮ್ಮ ಪಕ್ಷದವನ ಮೇಲೆ ಬಂದರೆ ಅದು ಪಿತೂರಿ. ಅವನು ಕಟ್ಟಿಸಿದ ರಸ್ತೆ ಹಾಳಾದರೆ ಕಳಪೆ ಕೆಲಸ. ನಮ್ಮವನು ಕಟ್ಟಿಸಿದ ರಸ್ತೆ ಹಾಳಾದರೆ ಅದು ಮಳೆಯ ದೋಷ. ಹೀಗೆ ಎರಡು ಅಳತೆಗಳನ್ನಿಟ್ಟುಕೊಂಡ ವ್ಯಾಪಾರಿಯನ್ನು ನಾವು ಸಂತೆಯಲ್ಲಿ ಕಂಡರೆ ಮೋಸಗಾರನೆನ್ನುವೆವು. ರಾಜಕಾರಣದ ಸಂತೆಯಲ್ಲಿ ನಾವೇ ಎರಡು ಅಳತೆಗಳನ್ನು ಹಿಡಿದಾಗ ಅದನ್ನು ನಿಷ್ಠೆಯೆನ್ನುವುದೇ?

ಭಂಡಾರಿಯ ಲೆಕ್ಕ

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅರಸನ ಬೊಕ್ಕಸದ ಕೀಲಿಕೈ ಅವರಲ್ಲಿತ್ತು. ಮಹಾಮನೆಯ ದಾಸೋಹವನ್ನು ಕಂಡು ಕರುಬಿದವರು, ಈ ವೆಚ್ಚವೆಲ್ಲ ಅರಸನ ಹಣದಿಂದಲೇ ನಡೆಯುತ್ತಿರುವುದೆಂದು ಬಿಜ್ಜಳನಿಗೆ ದೂರಿತ್ತರೆಂದೂ, ಬಸವಣ್ಣನವರು ಭಂಡಾರವನ್ನು ತೆರೆದು ಲೆಕ್ಕವನ್ನೊಪ್ಪಿಸಿದರೆಂದೂ, ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುವುವು. ಪುರಾಣಕರ್ತರು ಇದನ್ನು ಪವಾಡವಾಗಿ ವರ್ಣಿಸಿದರು. ಪವಾಡದ ಭಾಗವನ್ನು ಅವರವರ ಭಕ್ತಿಗೆ ಬಿಡೋಣ. ಗೃಹಸ್ಥನು ತಿಳಿಯಬೇಕಾದ ಸಂಗತಿಯು ಬೇರೊಂದಿದೆ.

ದೂರಿತ್ತವರು ಮತ್ಸರದಿಂದ ದೂರಿತ್ತರು. ಅದು ಎಲ್ಲರಿಗೂ ತಿಳಿದಿತ್ತು. ಆದರೂ ಬಸವಣ್ಣನವರು, 'ಕೇಳುವವನ ಮನಸ್ಸು ಶುದ್ಧವಿಲ್ಲ, ಆದುದರಿಂದ ಉತ್ತರ ಕೊಡೆನು' ಎನ್ನಲಿಲ್ಲ. 'ನಾನು ಶಿವಭಕ್ತನು, ನನ್ನನ್ನು ಪ್ರಶ್ನಿಸುವುದು ಶಿವದ್ರೋಹ' ಎನ್ನಲಿಲ್ಲ. ಅನುಯಾಯಿಗಳನ್ನು ಕೂಡಿಸಿ ಬೀದಿಯಲ್ಲಿ ಕೂಗಿಸಲಿಲ್ಲ. ಬೀಗವನ್ನು ತೆರೆದರು. ಪರರ ಹಣವನ್ನು ಕಾಯುವವನಿಗೆ ಲೆಕ್ಕ ಕೊಡುವುದು ಅವಮಾನವಲ್ಲ, ಕಾಯಕದ ಒಂದು ಅಂಗ. ಇದೇ ಭೃತ್ಯಾಚಾರ. ಪ್ರಜಾಪ್ರಭುತ್ವದಲ್ಲಿ ಮಂತ್ರಿಯಾಗಲಿ ಶಾಸಕನಾಗಲಿ ಗ್ರಾಮಪಂಚಾಯತಿಯ ಅಧ್ಯಕ್ಷನಾಗಲಿ ಪ್ರಜೆಯ ಭೃತ್ಯನೇ. ಒಡೆಯನು ಲೆಕ್ಕ ಕೇಳಿದಾಗ ಭೃತ್ಯನು ಒಡೆಯನ ಜಾತಿಯನ್ನೂ ಪಕ್ಷವನ್ನೂ ವಿಚಾರಿಸತಕ್ಕದ್ದಲ್ಲ.

ಲೋಕಸಭೆಯಲ್ಲಿ ನಡೆದ ಒಂದು ನಿದರ್ಶನ

ಇದು ಹನ್ನೆರಡನೆಯ ಶತಮಾನದ ಆದರ್ಶ, ಇಂದಿಗೆ ನಡೆಯುವಂತಹುದಲ್ಲ ಎಂದು ಕೆಲವರು ಹೇಳಬಹುದು. ಸ್ವತಂತ್ರ ಭಾರತದಲ್ಲಿಯೇ ಇಂತಹುದು ನಡೆದ ನಿದರ್ಶನವುಂಟು.

1956ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು 245 ಖಾಸಗಿ ವಿಮಾ ಸಂಸ್ಥೆಗಳನ್ನು ಒಂದುಗೂಡಿಸಿ ಜೀವವಿಮಾ ನಿಗಮವನ್ನು ಸ್ಥಾಪಿಸಿತು. ಬಡವರೂ ಮಧ್ಯಮವರ್ಗದವರೂ ತಮ್ಮ ಮಕ್ಕಳುಮರಿಗಳಿಗೆಂದು ಕಟ್ಟಿದ ಕಂತಿನ ಹಣವೇ ಅದರ ಬಂಡವಾಳ. ಮರುವರ್ಷವೇ, 1957ರ ಜೂನಿನಲ್ಲಿ, ಆ ನಿಗಮವು ಹರಿದಾಸ ಮುಂದ್ರಾ ಎಂಬ ಉದ್ಯಮಿಯ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಹಣ ಹೂಡುವ ಮುನ್ನ ಕೇಳಬೇಕಾಗಿದ್ದ ಹೂಡಿಕೆ ಸಮಿತಿಯನ್ನು ಕೇಳಿರಲಿಲ್ಲ. ಆ ಕಾಲದ ಕೋಟಿಯೆಂದರೆ ಸಣ್ಣ ಮೊತ್ತವಲ್ಲ.

ಡಿಸೆಂಬರ್ 1957ರಲ್ಲಿ ಈ ವ್ಯವಹಾರವನ್ನು ಲೋಕಸಭೆಯಲ್ಲಿ ಬಿಚ್ಚಿಟ್ಟವರು ವಿರೋಧಪಕ್ಷದವರಲ್ಲ. ರಾಯಬರೇಲಿಯಿಂದ ಕಾಂಗ್ರೆಸ್ಸಿನ ಸದಸ್ಯರಾಗಿ ಆರಿಸಿ ಬಂದಿದ್ದ ಫಿರೋಜ ಗಾಂಧಿಯವರು. ಆಡಳಿತವು ಅವರದೇ ಪಕ್ಷದ್ದು. ಪ್ರಧಾನಮಂತ್ರಿಗಳಾದ ನೆಹರೂ ಅವರು ಅವರಿಗೆ ಹೆಣ್ಣು ಕೊಟ್ಟ ಮಾವ. ಮೌನವಾಗಿರಲು ಇದಕ್ಕಿಂತ ಬಲವಾದ ಕಾರಣವು ಮನುಷ್ಯನಿಗೆ ದೊರೆಯಲಾರದು. ಆದರೂ ಅವರು ದಾಖಲೆಗಳನ್ನು ಹಿಡಿದು, ಒಂದೊಂದಾಗಿ ಪ್ರಶ್ನೆಗಳನ್ನಿಟ್ಟರು.

1958ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗವು ನೇಮಕವಾಯಿತು. ವಿಚಾರಣೆಯು ಬಹಿರಂಗವಾಗಿ ನಡೆಯಿತು. ಒಳಗೆ ಸ್ಥಳ ಸಿಕ್ಕದ ಜನರಿಗಾಗಿ ಹೊರಗೆ ಧ್ವನಿವರ್ಧಕಗಳನ್ನು ಇರಿಸಿದ್ದರು. ಒಂದು ತಿಂಗಳೊಳಗೆ ವರದಿಯೂ ಬಂದಿತು. ತಮ್ಮ ಇಲಾಖೆಯ ಕಾರ್ಯದರ್ಶಿಯ ಕೃತ್ಯಕ್ಕೆ ಸಚಿವರೇ ಹೊಣೆ ಹೊರಬೇಕೆಂದು ಆಯೋಗವು ತೀರ್ಮಾನಿಸಿತು. ಹಣಕಾಸು ಸಚಿವರಾಗಿದ್ದ ಟಿ. ಟಿ. ಕೃಷ್ಣಮಾಚಾರಿಯವರು ಫೆಬ್ರವರಿಯಲ್ಲಿ ರಾಜೀನಾಮೆಯಿತ್ತರು.

ಇದೇ ಕೃಷ್ಣಮಾಚಾರಿಯವರ ಹೆಸರು ಏಳು ವರ್ಷಗಳ ಹಿಂದಿನ ಇನ್ನೊಂದು ಪ್ರಕರಣದಲ್ಲಿಯೂ ಬರುವುದು. 1951ರಲ್ಲಿ ಎಚ್. ಜಿ. ಮುದ್ಗಲ್ ಎಂಬ ಕಾಂಗ್ರೆಸ್ ಸದಸ್ಯರು ಮುಂಬಯಿಯ ಚಿನ್ನಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಸಂಸತ್ತಿನಲ್ಲಿ ಅವರ ಪರವಾಗಿ ನಡೆದುಕೊಂಡರೆಂಬ ಆರೋಪ ಬಂದಿತು. ತಮ್ಮ ಪಕ್ಷದವರ ಮೇಲೆಯೇ ವಿಚಾರಣೆಯಾಗಬೇಕೆಂಬ ಪ್ರಸ್ತಾಪವನ್ನು ಪ್ರಧಾನಮಂತ್ರಿಗಳೇ ಮಂಡಿಸಿದರು. ವಿಚಾರಣಾ ಸಮಿತಿಯ ಅಧ್ಯಕ್ಷರಾಗಿದ್ದವರು ಕೃಷ್ಣಮಾಚಾರಿಯವರು. ಆರೋಪವು ನಿಜವೆಂದು ಸಮಿತಿಯು ಕಂಡುಕೊಂಡ ಮೇಲೆ ಆ ಸದಸ್ಯರು ಸ್ಥಾನವನ್ನು ತೊರೆದರು. ಅಂದು ತಕ್ಕಡಿಯನ್ನು ಹಿಡಿದವರು 1958ರಲ್ಲಿ ತಾವೇ ತಕ್ಕಡಿಯಲ್ಲಿ ಕುಳಿತುಕೊಳ್ಳಬೇಕಾಯಿತು. ತಕ್ಕಡಿಯು ಮಾತ್ರ ಬದಲಾಗಲಿಲ್ಲ. ಪ್ರಜಾಪ್ರಭುತ್ವದ ಆರೋಗ್ಯವೆಂದರೆ ಇದೇ.

ಇನ್ನೊಂದು ಅಂಶವನ್ನೂ ಹೇಳಬೇಕು. ಕೃಷ್ಣಮಾಚಾರಿಯವರು 1962ರಲ್ಲಿ ಮತ್ತೆ ಮಂತ್ರಿಮಂಡಲಕ್ಕೆ ಬಂದು, 1963ರಲ್ಲಿ ಮತ್ತೊಮ್ಮೆ ಹಣಕಾಸು ಸಚಿವರಾದರು. ಲೆಕ್ಕ ಕೇಳುವುದೆಂದರೆ ಮನುಷ್ಯನನ್ನು ಶಾಶ್ವತವಾಗಿ ಹಾಳುಮಾಡುವುದಲ್ಲ. ಪ್ರಶ್ನೆಯು ನಡೆಗೆ ಸಂಬಂಧಿಸಿದುದು, ಹಗೆಗೆ ಸಂಬಂಧಿಸಿದುದಲ್ಲ. ಹಗೆಯಿಂದ ಕೇಳುವವನು ಉತ್ತರ ಬಂದರೂ ತೃಪ್ತನಾಗಲಾರನು. ಧರ್ಮದಿಂದ ಕೇಳುವವನು ಉತ್ತರವು ಸರಿಯಾಗಿದ್ದರೆ ಸಂತೋಷಪಡುವನು.

ಸುದ್ದಿಯ ಕಾಯಕ

ರಾಜಕಾರಣಿಯನ್ನು ಪ್ರಶ್ನಿಸಲು ಪ್ರಜೆಗೆ ಕಣ್ಣು ಬೇಕು. ಆ ಕಣ್ಣೇ ಪತ್ರಿಕೆ. ಪತ್ರಿಕಾಸಂಸ್ಥೆಗಳ ಆಡಳಿತದಲ್ಲಿ ದುಡಿದಿದ್ದ ಫಿರೋಜ ಗಾಂಧಿಯವರು ಇದನ್ನು ಚೆನ್ನಾಗಿ ಬಲ್ಲವರು. ಸಂಸತ್ತಿನಲ್ಲಿ ಸದಸ್ಯನು ಆಡಿದ ಮಾತಿಗೆ ಕಾನೂನಿನ ರಕ್ಷೆಯುಂಟು. ಆದರೆ ಅದೇ ಮಾತನ್ನು ಅಚ್ಚು ಮಾಡಿದ ಪತ್ರಿಕೆಗೆ ಅಂದು ರಕ್ಷೆಯಿರಲಿಲ್ಲ. ಸದುದ್ದೇಶದಿಂದ, ಸಾರ್ವಜನಿಕ ಹಿತಕ್ಕಾಗಿ, ಬಹುಮಟ್ಟಿಗೆ ಸತ್ಯವಾದ ವರದಿಯನ್ನು ಪ್ರಕಟಿಸಿದವರಿಗೆ ರಕ್ಷಣೆಯೀಯುವ ಕಾನೂನನ್ನು ಅವರು 1956ರಲ್ಲಿ ಖಾಸಗಿ ವಿಧೇಯಕದ ಮೂಲಕ ತಂದರು. ಅವರು 1960ರಲ್ಲಿ ತೀರಿಕೊಂಡರು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾಗಿ ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆಯ ಕಟ್ಟು ಬಿದ್ದಿತು. ಅವರ ಪತ್ನಿಯಾದ ಇಂದಿರಾ ಗಾಂಧಿಯವರ ಸರಕಾರವೇ ಆ ಕಾಲದಲ್ಲಿ ಈ ಕಾನೂನನ್ನು ರದ್ದುಗೊಳಿಸಿತು. 1977ರಲ್ಲಿ ಅದು ಮತ್ತೆ ಜಾರಿಗೆ ಬಂದಿತು. ಮರುವರ್ಷ ಸಂವಿಧಾನದ 44ನೆಯ ತಿದ್ದುಪಡಿಯು ಆ ರಕ್ಷಣೆಯನ್ನು ಸಂವಿಧಾನದಲ್ಲಿಯೇ ಸೇರಿಸಿತು. ಅಧಿಕಾರವು ಪ್ರಶ್ನೆಗೆ ಅಂಜಿದಾಗ ಮೊದಲು ಮುಚ್ಚುವುದು ಈ ಕಣ್ಣನ್ನೇ.

ಆದರೆ ಕಣ್ಣಿಗೂ ಪೊರೆ ಬರುವುದುಂಟು. ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಎರಡು ಬಗೆಯ ನಡೆಯನ್ನು ನಮಗೆ ತೋರಿಸಿಕೊಟ್ಟಿವೆ. 2005ರ ಡಿಸೆಂಬರಿನಲ್ಲಿ, ಪ್ರಶ್ನೆ ಕೇಳಲು ಹಣ ಪಡೆದ ಸಂಸತ್ಸದಸ್ಯರನ್ನು ಗುಪ್ತ ಚಿತ್ರೀಕರಣದ ಮೂಲಕ ಸುದ್ದಿಗಾರರು ಬಯಲಿಗೆಳೆದರು. ಲೋಕಸಭೆಯ ಹತ್ತು ಮಂದಿಯೂ ರಾಜ್ಯಸಭೆಯ ಒಬ್ಬರೂ ಸ್ಥಾನವನ್ನು ಕಳೆದುಕೊಂಡರು. ಆ ಹನ್ನೊಂದು ಮಂದಿ ಒಂದು ಪಕ್ಷದವರಲ್ಲ, ನಾಲ್ಕು ಪಕ್ಷಗಳವರು. ಇದು ಸುದ್ದಿಯ ಕಾಯಕ. ನಾಲ್ಕು ವರ್ಷಗಳ ಬಳಿಕ, 2009ರ ಚುನಾವಣೆಗಳಲ್ಲಿ, ಅಭ್ಯರ್ಥಿಗಳಿಂದ ಹಣ ಪಡೆದು ಅವರ ಹೊಗಳಿಕೆಯನ್ನೇ ಸುದ್ದಿಯೆಂದು ಅಚ್ಚುಮಾಡಿದ ಪತ್ರಿಕೆಗಳ ಸಂಗತಿಯು ಹೊರಬಿದ್ದಿತು. ಭಾರತೀಯ ಪತ್ರಿಕಾ ಮಂಡಳಿಯು ಇಬ್ಬರು ಸದಸ್ಯರಿಂದ ವರದಿ ತರಿಸಿತು. ಆದರೆ ಸಂಸ್ಥೆಗಳ ಹೆಸರನ್ನು ಹೇಳಿದ್ದ ಆ ಪೂರ್ಣ ವರದಿಯನ್ನು 2010ರಲ್ಲಿ ಹೊರಗಿಡದೆ, ಸಂಕ್ಷೇಪವನ್ನಷ್ಟೇ ಪ್ರಕಟಿಸಿತು. ಪೂರ್ಣ ವರದಿಯು ಜನರಿಗೆ ದೊರೆತುದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗದ ಆದೇಶದ ತರುವಾಯ. ಅದೇ ವರ್ಷ, ಇಂತಹ ಸುದ್ದಿಗೆ ಕೊಟ್ಟ ಹಣವನ್ನು ಚುನಾವಣಾ ವೆಚ್ಚದಲ್ಲಿ ತೋರಿಸದಿದ್ದ ಉತ್ತರಪ್ರದೇಶದ ಒಬ್ಬ ಶಾಸಕಿಯನ್ನು ಚುನಾವಣಾ ಆಯೋಗವು ಅನರ್ಹಗೊಳಿಸಿತು.

ಇತರರ ಲೆಕ್ಕವನ್ನು ಬಯಲಿಗಿಡುವವರು ತಮ್ಮ ಲೆಕ್ಕವನ್ನು ಮುಚ್ಚಿಟ್ಟರೆ ಅದಕ್ಕೇನೆನ್ನಬೇಕು? ನುಡಿಯು ನಡೆಗೆ ಒಪ್ಪದಿದ್ದರೆ ಶರಣರು ಅದನ್ನು ನುಡಿಯೆಂದೇ ಎಣಿಸಲಿಲ್ಲ. ಪತ್ರಿಕೆಯ ಅಕ್ಷರವೂ ಒಂದು ನುಡಿ. ಅದನ್ನು ಮಾರಿ ಬದುಕುವುದು ಕಾಯಕವಾಗಲಾರದು. ಓದುವವರಾದ ನಮಗೂ ಇಲ್ಲಿ ಒಂದು ಪಾಲುಂಟು. ನಮ್ಮ ಮನಸ್ಸಿಗೆ ಹಿತವಾದುದನ್ನೇ ಹೇಳುವ ಪತ್ರಿಕೆಯನ್ನು ಕೊಂಡು, ನಮ್ಮ ಪಕ್ಷದ ತಪ್ಪನ್ನು ತೋರಿಸಿದ ಪತ್ರಿಕೆಯನ್ನು ಬಿಟ್ಟರೆ, ಸುಳ್ಳಿಗೆ ಬೆಲೆ ಕಟ್ಟಿದವರು ನಾವೇ ಆಗುವೆವು. ಕೈಯೊಳಗಿನ ಮೊಬೈಲಿಗೆ ಬಂದ ಸುದ್ದಿಯನ್ನು ನಿಜವೋ ಅಲ್ಲವೋ ಎಂದು ವಿಚಾರಿಸದೆ ನೂರು ಮಂದಿಗೆ ಕಳುಹುವವನೂ ಆ ಗಳಿಗೆಯಲ್ಲಿ ಒಬ್ಬ ಪತ್ರಿಕಾಕರ್ತನೇ; ಅವನಿಗೂ ಹೊಣೆ ತಪ್ಪದು.

ನಮ್ಮ ನಾಡಿನ ಮಾತು

ದೂರದ ದಿಲ್ಲಿಯ ಮಾತನ್ನು ಒಪ್ಪುವುದು ಸುಲಭ. ಮಾತು ಮನೆಯ ಬಾಗಿಲಿಗೆ ಬಂದಾಗಲೇ ಪರೀಕ್ಷೆ.

ಕರ್ನಾಟಕದಲ್ಲಿ 1984ರ ಕಾನೂನಿನ ಮೇರೆಗೆ ಲೋಕಾಯುಕ್ತವು ರೂಪುಗೊಂಡಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಬಳ್ಳಾರಿಯ ಅದಿರು ಲೂಟಿಯಾದ ಬಗೆಯನ್ನು ಅದು ವಿವರಿಸಿತು. ನಾಡಿನ ಮೂರು ಪ್ರಮುಖ ಪಕ್ಷಗಳವರ ಹೆಸರುಗಳೂ ಅದರಲ್ಲಿದ್ದುವು. ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಿ. ಎಸ್. ಯಡಿಯೂರಪ್ಪನವರು ಜುಲೈ 31ರಂದು ರಾಜೀನಾಮೆಯಿತ್ತರು. ಅವರು ನಮ್ಮ ಸಮಾಜದವರು. ಅಂದು ನಮ್ಮಲ್ಲಿ ಎಷ್ಟು ಮಂದಿ ಆ ವರದಿಯಲ್ಲಿ ಏನಿದೆಯೆಂದು ಕೇಳಿದೆವು, ಎಷ್ಟು ಮಂದಿ ಅದರಲ್ಲಿ ಯಾರ ಹೆಸರಿದೆಯೆಂದಷ್ಟೇ ಕೇಳಿದೆವು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಅಂತಃಸಾಕ್ಷಿಯನ್ನೇ ವಿಚಾರಿಸಿಕೊಳ್ಳಬೇಕು. ನ್ಯಾಯವು ಎರಡು ಬದಿಗೂ ಸಲ್ಲಬೇಕು: ಗಣಿ ಕಂಪನಿಯೊಂದರಿಂದ ಲಾಭ ಪಡೆದರೆಂಬ ಪ್ರಕರಣದಲ್ಲಿ 2016ರ ಅಕ್ಟೋಬರಿನಲ್ಲಿ ಸಿಬಿಐ ವಿಶೇಷ ನ್ಯಾಯಾಲಯವು ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಆರೋಪವನ್ನು ಡಂಗುರ ಸಾರಿದವರು ಬಿಡುಗಡೆಯನ್ನೂ ಅಷ್ಟೇ ಗಟ್ಟಿಯಾಗಿ ಸಾರಬೇಕು. ವಿಚಾರಣೆಯಾಗಲೆನ್ನುವುದು ದೋಷಾರೋಪಣೆಯಲ್ಲ, ವಿಚಾರಣೆಯೇ ಬೇಡವೆನ್ನುವುದು ಭಕ್ತಿಯಲ್ಲ.

ಕಾವಲುಗಾರನ ಕಥೆಯನ್ನೂ ಕೇಳಿರಿ. 2015ರಲ್ಲಿ ಲೋಕಾಯುಕ್ತದ ಕಛೇರಿಯ ಮೇಲೆಯೇ ಲಂಚದ ಆರೋಪ ಬಂದಿತು. ಅಂದಿನ ಲೋಕಾಯುಕ್ತರು ಆ ವರ್ಷದ ಕೊನೆಗೆ ಸ್ಥಾನವನ್ನು ತೊರೆದರು. 2016ರಲ್ಲಿ, ಬೇರೊಂದು ಪಕ್ಷದ ಆಡಳಿತದಲ್ಲಿ, ಭ್ರಷ್ಟಾಚಾರ ನಿಗ್ರಹ ದಳವನ್ನು ಸರಕಾರದ ಅಧೀನದಲ್ಲಿ ರಚಿಸಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ವಹಿಸಲಾಯಿತು. ಆ ಬಳಿಕ ಆಡಳಿತಕ್ಕೆ ಬಂದ ಪಕ್ಷಗಳೂ ಅದನ್ನು ಹಾಗೆಯೇ ಇರಗೊಟ್ಟವು. ಕೊನೆಗೆ 2022ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯವೇ ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ವಿರೋಧದಲ್ಲಿದ್ದಾಗ ಕಾವಲುಗಾರನನ್ನು ಹೊಗಳುವುದು, ಅಧಿಕಾರಕ್ಕೆ ಬಂದಾಗ ಅವನ ಕೋಲನ್ನು ಕಿತ್ತುಕೊಳ್ಳುವುದು: ಇದರಲ್ಲಿ ಪಕ್ಷಪಕ್ಷಗಳಿಗೆ ಭೇದವಿಲ್ಲ. ಭೇದವಿಲ್ಲದ ರೋಗಕ್ಕೆ ಭೇದವಿಲ್ಲದ ಮದ್ದೇ ಬೇಕು.

ಮಠಗಳೂ ಈ ಮಾತಿಗೆ ಹೊರತಲ್ಲ. ಮಠದ ವೇದಿಕೆಗೆ ಎಲ್ಲ ಪಕ್ಷದವರೂ ಬರುವರು, ಬರಲಿ. ಹಸಿದು ಬಂದವನಿಗೆ ಪ್ರಸಾದ, ಅರಿವನ್ನರಸಿ ಬಂದವನಿಗೆ ಬೋಧೆ, ಇದು ಮಠದ ಧರ್ಮ. ಆದರೆ ವಿಭೂತಿಯನ್ನು ಹಚ್ಚಿದ ಮಾತ್ರಕ್ಕೆ ಲೆಕ್ಕವು ಚುಕ್ತಾ ಆಗುವುದಿಲ್ಲವೆಂಬ ಮಾತನ್ನು ಗದ್ದುಗೆಯ ಮುಂದೆ ನಿಂತ ಅಧಿಕಾರಸ್ಥನಿಗೆ ಹೇಳುವ ಧೈರ್ಯವು ಮಠಕ್ಕಿರಬೇಕು. ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಬಸವಣ್ಣನವರನ್ನೂ ಪ್ರಶ್ನಿಸಿದರು, ಸಿದ್ಧರಾಮರನ್ನೂ ಪ್ರಶ್ನಿಸಿದರು, ಅಕ್ಕಮಹಾದೇವಿಯನ್ನೂ ಪ್ರಶ್ನಿಸಿದರು. ಹಿರಿಯರೆಂದು ಯಾರನ್ನೂ ಬಿಡಲಿಲ್ಲ. ಆ ಪ್ರಶ್ನೆಗಳಿಂದ ಅವರ ಹಿರಿಮೆಯು ಕುಂದಲಿಲ್ಲ, ಬೆಳಗಿತು. ಸರಕಾರದಿಂದ ಅನುದಾನವನ್ನು ಪಡೆಯುವ ಯಾವ ಧಾರ್ಮಿಕ ಸಂಸ್ಥೆಯೂ ತನ್ನ ಲೆಕ್ಕವನ್ನು ಭಕ್ತರ ಮುಂದಿಡಲು ಹಿಂಜರಿಯಬಾರದು. ಆಗಲೇ ಇತರರನ್ನು ಕೇಳುವ ನುಡಿಗೆ ತೂಕ ಬರುವುದು.

ಗೃಹಸ್ಥನು ಮಾಡಬೇಕಾದುದು

ಇದೆಲ್ಲವೂ ದೊಡ್ಡವರ ಮಾತು, ಒಕ್ಕಲುತನ ಮಾಡುವ ನಮ್ಮಂತಹವರಿಂದ ಏನಾದೀತು ಎನ್ನಬಾರದು. ಮಾಡಬಹುದಾದ ಕೆಲವನ್ನು ಇಲ್ಲಿ ಸೂಚಿಸಿದೆ.

ಒಂದನೆಯದು: ಅಭ್ಯರ್ಥಿಯು ತನ್ನ ಆಸ್ತಿಯನ್ನೂ ತನ್ನ ಮೇಲಿರುವ ಮೊಕದ್ದಮೆಗಳನ್ನೂ ಪ್ರಮಾಣಪತ್ರದಲ್ಲಿ ತಿಳಿಸಬೇಕೆಂಬ ನಿಯಮವು ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳಿಂದ ನೆಲೆಗೊಂಡಿದೆ. ಮತವೀಯುವ ಮುನ್ನ ಎದುರಾಳಿಯದನ್ನಲ್ಲ, ನೀವು ಮತವೀಯಬೇಕೆಂದಿರುವವನದನ್ನೇ ಮೊದಲು ಓದಿರಿ.

ಎರಡನೆಯದು: ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ಕಾನೂನು. ಸೇರದಿದ್ದರೆ ಏಕೆಂದು ಕೇಳಿರಿ, ಸೇರಿದರೆ ಹೋಗಿರಿ. ಕೆರೆಯ ಹೂಳಿಗೆ ಎಷ್ಟು ಹಣ ಬಂದಿತು, ಎಷ್ಟು ವೆಚ್ಚವಾಯಿತು ಎಂಬ ಒಂದು ಪ್ರಶ್ನೆಯು ನೂರು ಘೋಷಣೆಗಳಿಗಿಂತ ಮೇಲು.

ಮೂರನೆಯದು: 2005ರ ಮಾಹಿತಿ ಹಕ್ಕು ಕಾನೂನಿನಂತೆ ಯಾವ ಪ್ರಜೆಯೂ ಸರಕಾರಿ ಕಛೇರಿಯಿಂದ ದಾಖಲೆಯನ್ನು ಕೇಳಬಹುದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಈ ಹಕ್ಕನ್ನು ಪೀಡಿಸಲು ಬಳಸಬೇಡಿರಿ, ತಿಳಿಯಲು ಬಳಸಿರಿ.

ನಾಲ್ಕನೆಯದು: ಪತ್ರಿಕೆಯಲ್ಲಿ ಸುಳ್ಳು ಕಂಡರೆ ಮೊದಲು ಸಂಪಾದಕರಿಗೆ ಬರೆಯಿರಿ, ಪರಿಹಾರ ದೊರೆಯದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಂಡ ವಿಧಿಸುವ ಅಧಿಕಾರವು ಮಂಡಳಿಗಿಲ್ಲ. ಎಚ್ಚರಿಸುವ, ಖಂಡಿಸುವ ಅಧಿಕಾರವುಂಟು. ಅದಕ್ಕಿಂತ ಹೆಚ್ಚಿನ ಅಧಿಕಾರವು ಪತ್ರಿಕೆಯನ್ನು ಕೊಳ್ಳುವ ನಿಮ್ಮ ಕೈಯಲ್ಲಿದೆ.

ಐದನೆಯದು, ಎಲ್ಲಕ್ಕೂ ಮುಖ್ಯವಾದುದು: ಆರೋಪವೊಂದನ್ನು ಕೇಳಿದಾಗ, ಇದೇ ಕೆಲಸವನ್ನು ನಮ್ಮವನು ಮಾಡಿದ್ದರೆ ನಾನೇನೆನ್ನುತ್ತಿದ್ದೆ, ಎದುರಿನವನು ಮಾಡಿದ್ದರೆ ಏನೆನ್ನುತ್ತಿದ್ದೆ ಎಂದು ಒಂದು ಗಳಿಗೆ ಯೋಚಿಸಿ ಬಳಿಕ ಬಾಯಿ ತೆರೆಯಿರಿ. ಎರಡು ಉತ್ತರಗಳೂ ಒಂದೇ ಆದಲ್ಲಿ ಮಾತನಾಡಿರಿ. ಬೇರೆಬೇರೆಯಾದಲ್ಲಿ, ತಿದ್ದಬೇಕಾದುದು ಮೊದಲು ನಮ್ಮ ಅಳತೆಗೋಲು.

ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದಾಗ ಅದರ ಮುಂದೆ ನಮ್ಮವನು, ಅವರವನು ಎಂಬ ಭೇದವು ನಿಲ್ಲಲಾರದು. ಆ ಸಾಕ್ಷಿಯನ್ನು ಪೂಜೆಯ ಹೊತ್ತಿಗೆ ಮಾತ್ರವಲ್ಲದೆ ಮತಗಟ್ಟೆಗೂ ಗ್ರಾಮಸಭೆಗೂ ಪತ್ರಿಕೆಯ ಪುಟಕ್ಕೂ ಕೊಂಡೊಯ್ಯುವುದು ಸದಾಚಾರ. ತನ್ನವನನ್ನು ಮೊದಲು ಕೇಳುವುದು ಗಣಾಚಾರ. ಕೇಳಿದಾಗ ವಿನಯದಿಂದ ಉತ್ತರವೀಯುವುದು ಭೃತ್ಯಾಚಾರ. ಈ ಮೂರೂ ಕೂಡಿದ ನಾಡಿನಲ್ಲಿ ಅಧಿಕಾರವು ಯಾವ ಪಕ್ಷದ್ದಾದರೂ ಪ್ರಜೆಯು ಅಂಜಬೇಕಾಗಿಲ್ಲ. ಲಕ್ಕಮ್ಮನಂತೆ ಕೇಳುವ ಧೈರ್ಯವನ್ನೂ ಮಾರಯ್ಯನಂತೆ ಹಿಂದಿರುಗಿ ಹೋಗಿ ಚೆಲ್ಲಿ ಬರುವ ಶಕ್ತಿಯನ್ನೂ ಪರಶಿವನು ನಮ್ಮೆಲ್ಲರಿಗೂ ಕರುಣಿಸಲಿ.

ಶರಣು ಶರಣಾರ್ಥಿ.